ಉಸಿರಿಗೊಂದು ವಾಕ್ಯ

ನಮ್ಮ ಮಾಮಾನ ಕೈಗೆ ಸಿಕ್ಕ ವಾಕ್ಯ ಇಡಿಯಾಗಿ ಮನೆಗೆ ಹೋದ ಉದಾಹರಣೆ ಸೇಡಂ ತಾಲೂಕಿನಲ್ಲಿ ಒಂದೂ ಇಲ್ಲ! ಕೆಲವರಿಗೆ ಬೀಡಿಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ಮಾಮಾನಿಗೆ ಉದ್ದನೆಯ ವಾಕ್ಯ ಕಂಡರೆ ಮುರಿದು ಹಾಕುವ ಚಟ. ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಬೆಳಿಗ್ಗೆ ಬಿಳಿಯಾಗಿ ಬಂದ ಪೇಪರಿಗೆ ಮಧ್ಯಾಹ್ನದೊಳಗೆ ದಡಾರ ಎದ್ದಂತೆ ಮೈತುಂಬ ಕೆಂಪು ಚುಕ್ಕೆ. ಇಂಥವನು ನನ್ನ ತಾಯಿಯ ತಮ್ಮನಾಗಿ ಹುಟ್ಟಿದ್ದನ್ನಾದರೂ ಸಹಿಸಬಹುದಿತ್ತು. ಆದರೆ ನಾನು ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡು, ಲಗ್ನಪತ್ರಿಕೆ, ಫ್ಲೆಕ್ಸು ಹೊಡೆದು ಬದುಕುವವನು. ಈಗ ನೀವೇ ಹೇಳಿ, ನನ್ನ ಗತಿ ಏನಾಗಿರಬೇಕು?

ಮಾಮಾ ರಿಟೈರ್ ಆಗುವ ತನಕ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಡೆ ಮೇಸ್ತ್ರಿಯಾಗಿದ್ದ. ಅಲ್ಲಿಂದ ಬಂದವನು ದಿನಾ ಚಹಾದ ಹೊತ್ತಿಗೆ ನನ್ನ ಅಂಗಡಿಯಲ್ಲಿ ಹಾಜರ್. ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ನಮ್ಮಲ್ಲಿ ಟೈಪ್ ಮಾಡುವ ಶಬಾನಾ ಕೀಬೋರ್ಡಿನ ಮೇಲಿಂದ ಕೈ ತೆಗೆದು ಸುಮ್ಮನೆ ಕೂತುಬಿಡುತ್ತಾಳೆ. ಹೇಗೂ ಅಳಿಸಬೇಕಾದದ್ದನ್ನು ಯಾಕೆ ಹೊಡೆಯಬೇಕು ಎಂದು ಅವಳ ವಾದ. ನಾನೊಮ್ಮೆ ಸಿಟ್ಟಿಗೆದ್ದು, ಕಲ್ಲು ಕಡಿಯುವವನಿಗೆ ಅಕ್ಷರದ ಉಸಾಬರಿ ಯಾಕೆ ಎಂದು ಕೇಳಿಯೇಬಿಟ್ಟೆ. ಅವನು ಚಹಾದ ಕಪ್ಪು ಕೆಳಗಿಟ್ಟ.

"ಅಳಿಯಾ, ಉದ್ದ ಫರಸಿ ಎತ್ತಿದ್ರ ನಡುವ ಮುರೀತದ. ಒಬ್ಬಾಂವ ಎತ್ತುವಷ್ಟ ಕಡದ್ರ ಎಲ್ಲಾ ಮನಿ ಮುಟ್ಟತಾವ. ಮಾತೂ ಹಂಗ."

ಇಷ್ಟು ಹೇಳಿ ನನ್ನ ಬಿಸ್ಕೀಟನ್ನೂ ತಿಂದು ಹೋದ.

ನಮ್ಮ ತಾಲೂಕಿನದೇ ಆದ ಮುಧೋಳದ ಕಡೆಯ ಒಬ್ಬ ಯುವ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿನ ಕಥೆ ಕೇಳಿ. ಅವರ ಹುಡುಗರು ಬರೆದು ತಂದಿದ್ದ ವಾಕ್ಯ ಯುವಕರ ಕಣ್ಮಣಿಯಿಂದ ಹೊರಟು, ಬಡವರ ಬಂಧುವನ್ನು ದಾಟಿ, ರೈತರ ಆಶಾಕಿರಣವನ್ನು ಬಳಸಿ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಬರೆದವರಿಗೂ ಗೊತ್ತಿರಲಿಲ್ಲ. ನಾನು ಊಟಕ್ಕೆ ಹೋಗಿದ್ದೆ. ಆ ಹೊತ್ತಿನಲ್ಲಿ ಮಾಮಾ ಹುಡುಗರನ್ನು ಕೂರಿಸಿಕೊಂಡು, ಬಸ್ಸಿನಲ್ಲಿ ಹೋಗುವವನು ಇದನ್ನು ಇಲ್ಲಿ ಓದಲು ಶುರು ಮಾಡಿದರೆ ಮಳಖೇಡ ಬಂದರೂ ನಿಮ್ಮ ಅಣ್ಣನ ಹೆಸರು ಬರುವುದಿಲ್ಲ ಎಂದು ಹೆದರಿಸಿದ್ದಾನೆ. ನಾನು ತಿರುಗಿ ಬರುವಷ್ಟರಲ್ಲಿ ಫ್ಲೆಕ್ಸು ಮಷಿನ್ನಿನಿಂದ ಹೊರಗೆ ಬರುತ್ತಿತ್ತು. ನಾಯಕರ ಫೋಟೋ, ಹೆಸರು. ಕೆಳಗೆ ಇಷ್ಟೇ: "ಅಣ್ಣನ ಹುಟ್ಟುಹಬ್ಬ. ಎಲ್ಲರೂ ಬನ್ನಿ. ಊಟ ಇದೆ."

ಇನ್ನು ನನ್ನ ಅಂಗಡಿಗೆ ಕಲ್ಲು ಬೀಳುವುದು ಖಾತ್ರಿ ಎಂದು ಅರ್ಧ ಷಟರ್ ಎಳೆದು ಕೂತೆ. ಆದರೆ ಆ ಫ್ಲೆಕ್ಸನ್ನು ಓಡುವ ಬಸ್ಸಿನಿಂದ ಓದಿದವರೂ ಬಂದರು, ಎತ್ತಿನ ಗಾಡಿಯಿಂದ ಓದಿದವರೂ ಬಂದರು. ಅಡುಗೆಯವರು ಎರಡನೆಯ ಸಲ ಒಲೆ ಹೊತ್ತಿಸಬೇಕಾಯಿತು. ತಮಗೆ ಇಷ್ಟು ಮಂದಿ ಬೆಂಬಲಿಗರಿದ್ದಾರೆ ಎಂದು ನಾಯಕರಿಗೇ ಗೊತ್ತಿರಲಿಲ್ಲವಂತೆ! ಮರುದಿನ ಅವರೇ ಬಂದು ಮಾಮಾನಿಗೆ ಶಾಲು ಹೊದಿಸಿದರು. ಹೊದಿಸುತ್ತಾ ಭಾಷಣ ಶುರು ಮಾಡಿದರು. ಮಾಮಾ ನಡುವೆಯೇ ಕೈ ಮುಗಿದು ಅದನ್ನೂ ಮುರಿದ.

ವಾಡಿ ಜಂಕ್ಷನ್ನಿನಲ್ಲಿಯೂ ಹೀಗೇ. ಹೈದರಾಬಾದಿಗೆ ಹೋಗುವ ಗಾಡಿ ಯಾವುದು ಎಂದು ಒಬ್ಬ ಅಜ್ಜ ಕೇಳಿದ. ಸೂಟ್‌ಕೇಸ್ ಹಿಡಿದ ಸಾಹೇಬರೊಬ್ಬರು ವಿವರಿಸತೊಡಗಿದರು. ಅದು ಎಲ್ಲಿಂದ ಬರುತ್ತದೆ, ಎಷ್ಟು ತಡವಾಗಿದೆ, ಹಿಂದೆ ಯಾವ ಪ್ಲಾಟ್‌ಫಾರಂಗೆ ಬರುತ್ತಿತ್ತು, ಈಗ ಯಾಕೆ ಬರುವುದಿಲ್ಲ. ಮಾಮಾ ಅಜ್ಜನ ಚೀಲ ಎತ್ತಿಕೊಂಡು, ಇದಲ್ಲ, ಅದು, ನಡಿ ಎಂದು ಎಳೆದುಕೊಂಡು ಹೋಗಿ ಹತ್ತಿಸಿದ. ಗಾಡಿ ಹೊರಟಿತು. ಸಾಹೇಬರು ಹೌಹಾರಿ ಹಿಂದೆ ಓಡಿದರು. ಅವರೂ ಅದೇ ಗಾಡಿಗೆ ಹೋಗಬೇಕಾದವರಂತೆ!

ಇಷ್ಟೆಲ್ಲ ಆದರೂ ನಾನು ಒಂದು ವಾಕ್ಯವನ್ನು ಮಾತ್ರ ಮಾಮಾನಿಂದ ಕಾಪಾಡಿಕೊಂಡು ಬಂದಿದ್ದೆ. ಅದು ನಮ್ಮ ಅಂಗಡಿಯ ಲಗ್ನಪತ್ರಿಕೆಯ ವಾಕ್ಯ. ನಮ್ಮ ಅಪ್ಪನ ಕಾಲದ್ದು. ಕುಲದೇವರ ಕೃಪೆಯಿಂದ ಶುರುವಾಗಿ, ಅಜ್ಜ, ಮುತ್ತಜ್ಜ, ಸೋದರರು, ಬೀಗರು ಎಲ್ಲರನ್ನೂ ಹಾಯ್ದು, ತಾವು ಬರಬೇಕು ಎಂಬ ಮಾತು ಪುಟದ ತಳಕ್ಕೆ ಬರುತ್ತದೆ. ಒಂದೇ ವಾಕ್ಯ! ನಮ್ಮ ನಾಲ್ಕೂರಿನ ಗಂಡು ಹೆಣ್ಣು ಅದೇ ವಾಕ್ಯದ ಮೇಲೆ ಸಂಸಾರ ಹೂಡಿದ್ದಾರೆ. ಅದರ ಸುದ್ದಿಗೆ ಬಂದರೆ ಮಾಮಾ ಅಂತಲೂ ನೋಡುವುದಿಲ್ಲ ಎಂದು ಹೇಳಿಬಿಟ್ಟಿದ್ದೆ.

ಆದರೆ ಆ ವಾಕ್ಯದ ಮೇಲೆ ಮಾಮಾನಿಗೆ ಹಳೆಯ ದ್ವೇಷವಿತ್ತು. ಅದು ಗೊತ್ತಾಗಬೇಕಾದರೆ ಅತ್ತಿಯ ಬಗ್ಗೆ ಹೇಳಬೇಕು.

ಅತ್ತಿ ಎಂದರೆ ಮಾಮಾನ ಹೆಂಡತಿ. ಶಾಲೆಯ ಮುಖ ನೋಡಿದವಳಲ್ಲ. ಮಕ್ಕಳು ದೊಡ್ಡವರಾದ ಮೇಲೆ ತಾನೂ ಓದಬೇಕೆಂದು ಹಠ ಹಿಡಿದಳು. ಮಾಮಾ ಅಡುಗೆಮನೆಯ ಫರಸಿಯ ಮೇಲೆ ಬಳಪದಿಂದ ಬರೆದ. ಒಂದು ಕಲ್ಲಿಗೆ ಒಂದು ಮಾತು. ಅವಳು ರೊಟ್ಟಿ ಬಡಿಯುತ್ತಾ ಓದಿದಳು, ಸಂಜೆ ನೆಲ ಒರೆಸುತ್ತಾ ಇನ್ನೊಮ್ಮೆ ಓದಿ ಒರೆಸಿದಳು. ಹೀಗೇ ಬಂತು ಅಕ್ಷರ. ಆದರೆ ಅವಳಿಗೆ ಮೊದಲಿನಿಂದಲೂ ದಮ್ಮಿನ ತೊಂದರೆ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸಿಳ್ಳೆ ಹಾಕುತ್ತದೆ.

ಮಾಮಾನ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹುಡುಗಿಯನ್ನು ಹಡೆದವಳು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಅವಳಿಗೆ ಬಾರದಿದ್ದರೆ ಮನೆಯ ಹಿರಿಯ ಓದಬೇಕು. ಶುರು ಮಾಡಿದ ವಾಕ್ಯವನ್ನು ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಅಪಶಕುನ. ಆ ಮನೆಯಲ್ಲಿ ಹಡೆದವಳೊಬ್ಬಳು ಓದಿದ್ದನ್ನು ಯಾರೂ ನೋಡಿಯೇ ಇರಲಿಲ್ಲ. ದೊಡ್ಡ ಮಗಳ ಮದುವೆಯಲ್ಲಿ ಅತ್ತಿ ಪತ್ರಿಕೆ ಹಿಡಿದು ನಿಂತಳು. ಕುಲದೇವರನ್ನು ದಾಟಿದಳು, ಮುತ್ತಜ್ಜನ ಹತ್ತಿರ ಬರುವಾಗ ದಮ್ಮು ಹತ್ತಿ ನಿಂತುಬಿಟ್ಟಳು. ಹೆಂಗಸರು ಲೊಚಗುಟ್ಟಿದರು. ಮಾಮಾನ ಅಣ್ಣ, ಐನಾಪುರದ ದೊಡ್ಡ ಮಾಮಾ, ಕೈ ಚಾಚಿ ಪತ್ರಿಕೆ ಇಸಿದುಕೊಂಡು ಮೊದಲಿಂದ ಓದಿ ಮುಗಿಸಿದರು. ಅತ್ತಿ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು. ಮಾಮಾ ಕೆಂಪು ಪೆನ್ನು ಕೊಂಡದ್ದು ಆ ವಾರದಲ್ಲಿಯೇ.

ಈಗ ಸಣ್ಣ ಮಗಳ ಮದುವೆ ಗೊತ್ತಾಯಿತು. ಹುಡುಗ ಚಿಂಚೋಳಿಯವನು. ಪತ್ರಿಕೆ ನಾನೇ ಬರೆಯುತ್ತೇನೆ ಎಂದು ಮಾಮಾ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ. ಈ ಸಲ ನಾನು ಅಡ್ಡ ಬರಲಿಲ್ಲ. ಅಪ್ಪನ ವಾಕ್ಯ ಅಪ್ಪನ ಹತ್ತಿರವೇ ಇರಲಿ ಎಂದುಕೊಂಡೆ. ಬರೆದಂತೆಲ್ಲ ಮನೆಗೆ ಒಯ್ದು ಅತ್ತಿಯಿಂದ ಓದಿಸುತ್ತಿದ್ದ. ಅವಳ ಉಸಿರು ಎಲ್ಲಿ ತೀರುತ್ತದೋ ಅಲ್ಲಿ ನೆಲದ ಮೇಲೆ ಬೆರಳು ಕುಟ್ಟಿ "ಉಸಿರು ತಗೋ" ಅನ್ನುತ್ತಿದ್ದ. ಬೆರಳು ಕುಟ್ಟಿದ ಜಾಗದಲ್ಲಿ ವಾಕ್ಯ ಮುಗಿಯಬೇಕು. ಮರುದಿನ ಅಂಗಡಿಗೆ ಬಂದು ಶಬಾನಾಳಿಂದ ಹಾಗೇ ತಿದ್ದಿಸುತ್ತಿದ್ದ. ಅವಳೂ ಈ ಸಲ ಗೊಣಗಲಿಲ್ಲ.

ಸುದ್ದಿ ಐನಾಪುರಕ್ಕೆ ಮುಟ್ಟದೆ ಇರುತ್ತದೆಯೇ? ದೊಡ್ಡ ಮಾಮಾ ಬಿಳಿ ರುಮಾಲು ಸುತ್ತಿಕೊಂಡು ಅಂಗಡಿಗೇ ಬಂದಿಳಿದರು. ಹರಕು ಮುರುಕು ಮಾತಿನ ಪತ್ರಿಕೆ ಹಂಚಿದರೆ ಬೀಗರು ಏನಂದಾರು, ಹೋದ ಸಲದ ಹಾಗೆ ಆಗಬಾರದು, ಹಳೆಯ ವಾಕ್ಯವೇ ಇರಲಿ, ನಾನೇ ಓದುತ್ತೇನೆ ಎಂದು ಪಟ್ಟು ಹಿಡಿದರು. ಮಾಮಾ ಅಣ್ಣನಿಗೆ ಎದುರಾಡಿದವನಲ್ಲ. ಇವತ್ತೂ ತಗ್ಗಿದ ದನಿಯಲ್ಲಿಯೇ ಕೇಳಿದ.

"ಅಣ್ಣಾ, ವಾಕ್ಯದ ನಡುವ ನಿಂದ್ರಬಾರದು. ಹೌದಿಲ್ಲೋ?"

"ಹೌದು. ಹಿರ್ಯಾರು ಹಾಕಿದ್ದು ಅದು."

"ವಾಕ್ಯ ಮುಗದ ಮ್ಯಾಲ ನಿಂದ್ರಬಹುದಿಲ್ಲೋ?"

ದೊಡ್ಡ ಮಾಮಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಶಬಾನಾ ಮಾನಿಟರಿನ ಹಿಂದೆ ಮುಖ ಮರೆಸಿಕೊಂಡಳು.

"ನಿಂದ್ರಬಹುದು," ಅಂದರು ಕೊನೆಗೆ. "ಆದ್ರ ನಡುವ ನಿಂತಳು ಅಂದ್ರ ಪತ್ರಿಕಿ ನನ್ನ ಕೈಗೆ ಬರಬೇಕು."

ಮಾಮಾ ನನ್ನ ಕಡೆ ತಿರುಗಿ, ಹೊಡಿ ಅಚ್ಚು ಅಂದ.

ಪತ್ರಿಕೆ ಓದುವ ದಿನ ಬೆಳಿಗ್ಗೆ ಮಾಮಾನ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋದ ಸಲ ಲೊಚಗುಟ್ಟಿದ ಹೆಂಗಸರೆಲ್ಲ ಮುಂದಿನ ಸಾಲಿನಲ್ಲಿಯೇ ಕೂತಿದ್ದರು. ದೊಡ್ಡ ಮಾಮಾ ಕನ್ನಡಕ ಒರೆಸಿ ಸಿದ್ಧವಾಗಿ ಇಟ್ಟುಕೊಂಡಿದ್ದರು. ಅತ್ತಿ ಹಸಿರು ಇಳಕಲ್ ಸೀರೆಯುಟ್ಟು ಬಂದಳು. ದೇವರಿಗೆ ಕೈಮುಗಿದು ಪತ್ರಿಕೆ ಎತ್ತಿಕೊಂಡಳು. ಮಾಮಾ ಎದುರಿಗೆ ನೆಲದ ಮೇಲೆ ಕೂತು, ಫರಸಿಯ ಮೇಲೆ ಬೆರಳಿಟ್ಟ.

"ಕುಲದೇವರ ಕೃಪೆ ಇದೆ," ಓದಿದಳು ಅತ್ತಿ. ಬೆರಳು ಕುಟ್ಟಿತು. ಉಸಿರು ತಗೊಂಡಳು. "ನಮ್ಮ ಮನೆಯಲ್ಲಿ ಮದುವೆ ಇದೆ." ಬೆರಳು ಕುಟ್ಟಿತು. "ಹುಡುಗಿ ನಮ್ಮ ಸಣ್ಣ ಮಗಳು. ಹುಡುಗ ಚಿಂಚೋಳಿಯವನು. ಇಬ್ಬರೂ ಒಪ್ಪಿದ್ದಾರೆ." ಹೆಂಗಸರು ನಕ್ಕರು. ಆ ನಗುವಿನಲ್ಲಿ ಅವಳಿಗೆ ಇನ್ನೊಂದು ಉಸಿರು ಸಿಕ್ಕಿತು. "ಹುಡುಗಿಯ ದೊಡ್ಡಪ್ಪ ಈ ಮನೆಯ ಹಿರಿಯರು. ಅವರೇ ನಿಮ್ಮನ್ನು ಕರೆಯುತ್ತಿದ್ದಾರೆ."

ದೊಡ್ಡ ಮಾಮಾನ ಕೈಯಲ್ಲಿದ್ದ ಕನ್ನಡಕ ಅಲ್ಲೇ ನಿಂತಿತು. ಇಷ್ಟು ವರ್ಷ ಪ್ರತಿ ಪತ್ರಿಕೆಯಲ್ಲಿ ಸೋದರರ, ಬೀಗರ ಗದ್ದಲದ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತಿದ್ದವರು ಇವತ್ತು ಇಡೀ ಒಂದು ವಾಕ್ಯದಲ್ಲಿ ಒಬ್ಬರೇ ಕಾಲು ಚಾಚಿ ಕೂತಿದ್ದರು! ಆ ಮಾತು ಇನ್ನೊಮ್ಮೆ ಓದವ್ವಾ ಎಂದರು. ಅತ್ತಿ ಇನ್ನೊಮ್ಮೆ ಓದಿದಳು. ಕನ್ನಡಕ ಜೇಬಿಗೆ ಹೋಯಿತು.

ಆಮೇಲೆ ಅವಳನ್ನು ಹಿಡಿಯುವವರು ಯಾರು? ತಿಥಿ, ವಾರ, ಮುಹೂರ್ತ, ಒಂದೊಂದೇ ದಾಟಿದಳು. "ಮಕ್ಕಳನ್ನೂ ಕರೆತನ್ನಿ. ಊಟ ಮಾಡದೆ ಹೋಗಬೇಡಿ. ನಾನು ಕಾಯುತ್ತೇನೆ." ಮುಗಿಯಿತು! ಎಲ್ಲಿಯೂ ನಡುವೆ ನಿಲ್ಲಲಿಲ್ಲ. ಹೆಂಗಸರು ಎದ್ದು ಅವಳ ಹಣೆಗೆ ಕುಂಕುಮ ಹಚ್ಚಿದರು. ಶಬಾನಾ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದಳು. ನಾನು ಹೊಡೆದ ಪತ್ರಿಕೆ ಇದು ಎಂದು ಪಕ್ಕದವರಿಗೆಲ್ಲ ಹೇಳಿದೆ.

ನಮ್ಮ ಮಾಮಾ ಮಾತ್ರ ಕೂತಲ್ಲೇ ಕೂತಿದ್ದ. ಬೆರಳು ಇನ್ನೂ ಫರಸಿಯ ಮೇಲೇ ಇತ್ತು. ನೀವೂ ನಾಲ್ಕು ಮಾತು ಹೇಳ್ರಿ ಎಂದು ಯಾರೋ ಅಂದರು. ನಾಲ್ಕು ಮಾತೇ ಹೇಳುತ್ತಾನೆ ಎಂದು ನಾನೂ ನಂಬಿದ್ದೆ.

"ಈಕಿ ನಮ್ಮ ಮನಿಗಿ ಬಂದಾಗ ಬಸ್ಸಿನ ಬೋರ್ಡ್ ಸುದ್ದಾ ಓದಲಿಕ್ಕ ಬರ್ತಿದ್ದಿಲ್ಲ, ಆದ್ರ ನಾ ಬರದದ್ದು ರೊಟ್ಟಿ ಬಡಕೋತ ನೋಡಿ ಕಲ್ತು, ದಮ್ಮು ಹತ್ತಿ ಹಾಸಿಗಿ ಹಿಡದಾಗೂ ಬಿಡಲಾರದ ಕಲ್ತು, ದೊಡ್ಡಾಕಿ ಮದುವ್ಯಾಗ ಎಲ್ಲಾರ ಮುಂದ ನಿಂತುಹೋದಾಗ ನನ್ನ ಮುಂದ ಸುದ್ದಾ ಅಳಲಾರದ ಎಲ್ಲಾರಿಗೂ ಚಹಾ ಮಾಡಿಕೊಟ್ಟು, ಅವತ್ತ ನನ್ನ ಹೊಟ್ಟ್ಯಾಗ ಆದ ಸಂಕಟ ಈಕಿಗಿ ಇವತ್ತಿನ ತನಾ ಹೇಳಲಿಕ್ಕ ಆಗಲಾರದ ನಾ ಊರಮಂದಿ ಮಾತೆಲ್ಲಾ ಕಡಕೋತ ತಿರಗಿದ್ದು ಹುಚ್ಚಲ್ಲ ಅಂತ, ಇವತ್ತ ಈಕಿ ಓದಿದ್ದು ಕೇಳಿ ನನಗ, ನನಗ..."

ವಾಕ್ಯ ಮುಗಿಯಲೊಲ್ಲದು. ಮಾಮಾನ ಕಣ್ಣು ತುಂಬಿ ಬಂದಿತ್ತು, ಎದೆ ಏರಿಳಿಯುತ್ತಿತ್ತು. ಅತ್ತಿ ಪತ್ರಿಕೆಯನ್ನು ದೇವರ ಮುಂದಿಟ್ಟು, ತಂಬಿಗೆ ನೀರು ಹಿಡಿದು ಬಂದು ಅವನ ಪಕ್ಕ ಕುಳಿತಳು. ಅವನ ಬೆರಳಿನ ಪಕ್ಕದಲ್ಲಿಯೇ ತನ್ನ ಬೆರಳನ್ನು ಮೆಲ್ಲಗೆ ಕುಟ್ಟಿದಳು.

"ಉಸಿರು ತಗೋರಿ," ಅಂದಳು.