ಬೀಗರಿಗೆ ಮುಗಿದ ಕೈ

ಮಗಳ ನಿಶ್ಚಿತಾರ್ಥದಲ್ಲಿ ನಾನು ಎದೆಯುಬ್ಬಿಸಿ ಒಂದು ಮಾತು ಆಡಿದೆ.

"ನಮ್ಮ ವಂಸದಲ್ಲಿ ಬಿಪಿ, ಸುಗರು ಅನ್ನೋದೇ ಇಲ್ಲ ಕಣಿ!"

"ನಮ್ಮಲ್ಲೂ ಅಷ್ಟೇ ಬುಡಿ" ಎಂದು ಉಮ್ಮತ್ತೂರಿನ ಬೀಗರು ಮೀಸೆ ತಿರುವಿದರು.

ನಿಜ ಹೇಳಬೇಕೆಂದರೆ, ನಾನು ಎರಡು ವರ್ಷದಿಂದ ದಿನಾ ಬಿಪಿ ಮಾತ್ರೆ ನುಂಗುತ್ತಿದ್ದೆ. ಮದುವೆಗೆ ಬೀಗರ ಕಡೆಯವರು ಮನೆ ತುಂಬ ಬರುತ್ತಾರೆ. ಮಾತ್ರೆ ಕಣ್ಣಿಗೆ ಬಿದ್ದು, ಸುಳ್ಳುಗಾರನ ಮಗಳು ಬೇಡವೆಂದರೆ? ಮಾತ್ರೆಯೇ ಬೇಡದಂತೆ ಅಕ್ಯುಪಂಕ್ಚರಿಗೆ ಶರಣಾಗಲು ತೀರ್ಮಾನಿಸಿದೆ. ಚಾಮರಾಜನಗರದಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಗುಂಡ್ಲುಪೇಟೆಯಲ್ಲಿ ಯಾರೂ ಅರಿಯರು. ಎಂಥ ತಲೆ ನನ್ನದು!

"ಮಾತ್ರೆ ನುಂಗ್ಕಂಡು ತೆಪ್ಪಗಿರಿ. ಸೂಜಿ ಕಂಡ್ರೆ ಬೆವರೋ ಗಂಡ್ಸು ನೀವು!" ಎಂದಳು ಹೆಂಡತಿ.

"ನಿಂಗೇನ್ ಗೊತ್ತು, ಬುಡು" ಎಂದು ಗುಂಡ್ಲುಪೇಟೆ ಬಸ್ಸು ಹತ್ತಿದೆ.

ಚಿಕಿತ್ಸಕರು ನನ್ನನ್ನು ಮಲಗಿಸಿ ಹಣೆ, ಕಿವಿ, ಮಂಡಿ, ಮಣಿಕಟ್ಟಿನ ಒಳಭಾಗ ಎಲ್ಲ ಸೇರಿ ಹದಿನಾಲ್ಕು ಸೂಜಿ ನೆಟ್ಟರು. "ಇಪ್ಪತ್ತು ನಿಮಿಷ ಅಲುಗಾಡಬೇಡಿ, ಮನಸ್ಸು ಶಾಂತವಾಗಿರಲಿ" ಎಂದು ಹೊರಟರು. ಶಾಂತವಾಗಿಯೇ ಇತ್ತು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ನಡುವಿನ ಪರದೆ ಸರಿಯಿತು. ಪಕ್ಕದ ಮಂಚದಲ್ಲಿ, ಮೈತುಂಬ ಸೂಜಿ ಹೊತ್ತು, ನಮ್ಮ ಬೀಗರು!

ಬೀಗರನ್ನು ಕಂಡರೆ ಎದ್ದು ಕೈಮುಗಿಯಬೇಕಲ್ಲವೇ? ದಡಬಡನೆ ಎದ್ದು ಕೂತು ಎರಡೂ ಕೈ ಜೋಡಿಸಿದೆ. ಮಣಿಕಟ್ಟಿನ ಸೂಜಿಗಳೂ ಜೋಡಿಯಾದವು.

"ಅಯ್ಯಯ್ಯಪ್ಪೋ!"

ಬೀಗರು ಮರ್ಯಾದಸ್ಥರು. ಅವರೂ ಕೈಮುಗಿದರು. ಅವರೂ ಕಿರುಚಿದರು.

"ಏನ್ ಬೀಗ್ರೇ, ಬಿಪಿಯಾ?" ಎಂದೆ, ಸುಧಾರಿಸಿಕೊಂಡು.

"ಚೇ, ಮಂಡಿ ನೋವು ಕಣಿ. ನಿಮ್ಗೆ?"

"ನಂಗೂ ಮಂಡಿನೇ!"

ಓಡಿಬಂದ ಚಿಕಿತ್ಸಕರು ಸೂಜಿ ಕಿತ್ತು, ಇಬ್ಬರ ಬಿಪಿ ನೋಡಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಇವರಿಗೆ ನೂರ ತೊಂಬತ್ತು! ಅವರಿಗೆ ಇನ್ನೂರು! ಮೊದಲು ಇಬ್ಬರೂ ಆಸ್ಪತ್ರೆಗೆ ಹೋಗಿ, ಮಾತ್ರೆ ಮಾತ್ರ ಬಿಡಬೇಡಿ!"

ನಾವಿಬ್ಬರೂ ತಲೆ ತಗ್ಗಿಸಿ ನಮ್ಮ ನಮ್ಮ ಮಂಡಿ ನೋಡಿಕೊಂಡೆವು.

ಆಸ್ಪತ್ರೆ ಮುಗಿಸಿ ಸಂಜೆ ಮನೆಗೆ ಬಂದವನಿಗೆ ನಿಜವಾಗಿ ಅಳು ಬಂತು. "ಮಗಳ ಮದ್ವೆ ನನ್ನಿಂದ್ಲೇ ಕೆಟ್ಟೋಯ್ತು ಕಣೆ" ಎಂದೆ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಣ್ಣು ನೋಡಾಕ್ ಬಂದ ದಿನ್ವೇ ನಾನೂ ಬೀಗಿತ್ತಿನೂ ಅಡುಗೆಮನೇಲಿ ಎಲ್ಲಾ ಮಾತಾಡ್ಕಂಡಿದ್ದೊ. ನಿಮ್ ಬೀಗ್ರೂ ಇದೇ ಮಾತ್ರೆ ನುಂಗೋದು! ಈಗ್ತಾನೆ ಬೀಗಿತ್ತಿ ಪೋನ್ ಮಾಡಿದ್ರು. ಮದ್ವೆ ದಿನ ನಿಮ್ಮಿಬ್ರುದ್ನೂ ಒಂದೇ ಡಬ್ಬೀಲಿ ಇಟ್ಕಳನ ಅಂದ್ರು."

ವಂಶದ ಗೌರವದ ಬಗ್ಗೆ ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ. ಅವಳು ಮಾತ್ರೆ ಹಾಕಿದಳು!