ಕೈ ಅಡ್ಡ ಹಾಕಿದರೂ ನಿಲ್ಲದ ವಿಮಾನ

ದಿಂಬಂ ಘಟ್ಟದ ಮೇಲಿನ ಹಾಸನೂರಿನಲ್ಲಿ ಬಸ್ ಏಜೆಂಟನಾಗಿ ಕೂತವನಿಗೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಬಸ್ಸು ಕೆಟ್ಟರೆ ನನ್ನನ್ನು ಬೈಯುತ್ತಿದ್ದರು, ಘಟ್ಟದಲ್ಲಿ ಆನೆ ಅಡ್ಡ ನಿಂತರೂ ನನ್ನನ್ನೇ ಬೈಯುತ್ತಿದ್ದರು. ಐವತ್ತರ ದಶಕದಲ್ಲಿ ಬೆಂಗಳೂರು–ಕೊಯಮತ್ತೂರು ವಿಮಾನ ನಮ್ಮ ಬೆಟ್ಟದ ಮೇಲೆ ಹಾದುಹೋಗತೊಡಗಿದಾಗ ಅದರ ಉಸಾಬರಿಯೂ ನನ್ನ ತಲೆಗೇ ಬಂತು.

೧

ಗೌಡರ ಮನೆಯ ಹಿರಿಮಗ ಬೆಂಗಳೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ. ಕಿರಿಯವನು ಊರಲ್ಲೇ ಹೊಲ ಉಳುತ್ತಿದ್ದ ಆರಂಬಗಾರ. ಒಮ್ಮೆ ಹಿರಿಯವನು ನನ್ನೆದುರೇ ಬಸ್ಸಿಳಿದು, "ಬೆಂಗಳೂರಿಂದ ಕೊಯಮತ್ತೂರ್ಗೆ ಇಮಾನದಲ್ಲಿ ಒಂದೇ ಗಂಟೆ ಕಣ್ಲಾ!" ಎಂದು ತಮ್ಮನಿಗೆ ಹೇಳಿ ಬೀಗಿದ.

"ಬೆಂಗ್ಳೂರು ಯಾವಾಗ ಬುಟ್ಟೆ ಅಣ್ಣಾ?"

"ಮೊನ್ನೆ."

ವಿಮಾನ ಇಳಿದ ಮೇಲೆ ಕೊಯಮತ್ತೂರಿನಲ್ಲಿ ಊರಿನ ಬಸ್ಸು ತಪ್ಪಿತ್ತು, ಸತ್ಯಮಂಗಲದಲ್ಲಿ ತಂಗಬೇಕಾಯಿತು, ದಿಂಬಂ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತ್ತು.

ತಮ್ಮ ಗಂಭೀರವಾಗಿ ಹೇಳಿದ: "ನಾನೂ ಮೊನ್ನೆ ಚಾಮರಾಜನಗರಕ್ಕೆ ಗಾಡಿ ಕಟ್ಕಂಡೋಗಿ, ರಾಗಿ ಮಾರಿ, ನೆನ್ನೇನೇ ಬಂದ್ಬುಟ್ಟೆ. ನೀನು ರೈಲಲ್ಲಿ ಅಲ್ಲಿಗೆ ಬಂದಿದ್ರೆ ಗಾಡೀಲಿ ಕೂರುಸ್ಕಂಡು ಬತ್ತಿದ್ದೆ."

೨

ನಮ್ಮ ಕಡೆ ಯಾರು ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲುತ್ತಿತ್ತು. ಅದೇ ರೂಢಿಯ ಮೇಲೆ ಕಿರಿಯವನು ಒಂದು ದಿನ ನನ್ನಲ್ಲಿಗೆ ಬಂದ.

"ಏಜೆಂಟ್ರೇ, ನಮ್ಮೂರು ನಡುದಾರೀಲೇ ಅದೆ. ಅರ್ಧ ಗಂಟೆಗೆ ಇಲ್ಲೇ ಇಳುಸ್ಬುಟ್ರೆ ಅಣ್ಣನಿಗೆ ಎಷ್ಟೋ ಸುಖ ಅಲ್ವಾ?"

"ವಿಮಾನ ಇಳಿಯೋದಕ್ಕೆ ದೊಡ್ಡ ಬಯಲು ಬೇಕಪ್ಪಾ."

"ರಾಗಿ ಕುಯ್ದು ನಮ್ಮ ಒಲ ಖಾಲಿ ಬಿದ್ದದೆ, ಇಳುಸ್ಕಳ್ಲಿ. ಉಳೋ ಒತ್ಗೆ ಎತ್ಕಂಡೋಗ್ಬುಟ್ರೆ ಸಾಕು."

೩

ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಅಣ್ಣತಮ್ಮಂದಿರ ತಾಯಿ ಹಾಸಿಗೆ ಹಿಡಿದಳು. ಕೊನೆಯ ನೀರು ಹಿರಿಮಗನ ಕೈಯಿಂದಲೇ ಆಗಬೇಕೆಂದು ಅವಳ ಹಟ. ಕಿರಿಯವನು ನೀರು ಬಿಡಲು ಹೋದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ನಾನು ಡ್ರೈವರ್ ಕೈಲಿ ಸತ್ಯಮಂಗಲದಿಂದ ತಂತಿ ಕೊಡಿಸಿದೆ. ನಾಳೆಯ ವಿಮಾನಕ್ಕೆ ಹೊರಡುತ್ತೇನೆಂದು ಉತ್ತರ ಬಂತು. ಮುದುಕಿಯ ಉಸಿರು ಎಳೆಯುತ್ತಿದ್ದುದನ್ನು ಕೇಳಿ ನನಗೆ ದುಃಖ ತಡೆಯಲಾಗಲಿಲ್ಲ. ನನ್ನ ತಾಯಿಗೆ ನೀರು ಬಿಡುವ ಪುಣ್ಯ ನನಗೂ ಸಿಕ್ಕಿರಲಿಲ್ಲ.

ಮಾರನೆಯ ದಿನ ವಿಮಾನದ ಸದ್ದು ಕೇಳಿದ್ದೇ ತಡ, ಅವಳ ಮಂಚವನ್ನು ಅಂಗಳಕ್ಕೆ ತಂದೆವು. "ಅವ್ವಾ, ಅಣ್ಣ ಬಂದ!" ಎಂದು ಕೂಗಿದ ಕಿರಿಯವನು ಹೆಗಲ ಮೇಲಿನ ವಲ್ಲಿ ಬೀಸುತ್ತ ಹೊಲಕ್ಕೆ ಓಡಿ ಕೈ ಅಡ್ಡ ಹಾಕಿದ. ವಿಮಾನ ಮನೆಯ ಮೇಲೇ ಹಾದು ದಿಂಬಂ ಕಡೆ ಕಣ್ಮರೆಯಾಯಿತು. ಅಜ್ಜಿಯ ಪ್ರಾಣವೂ ಅದರ ಹಿಂದೆಯೇ ಹೋಯಿತೆಂದುಕೊಂಡೆವು.

ಅಜ್ಜಿ ಕಣ್ಣು ಬಿಟ್ಟಳು. "ಓದ್ನಾ?"

"ಓದ ಕಣವ್ವಾ," ಎಂದ ಕಿರಿಯವನು, ಏದುಸಿರು ಬಿಡುತ್ತ.

"ಮನೆ ಮ್ಯಾಲೇ ಓಗೋನ್ಗೆ ಇಳಿಯಕ್ಕೇನ್ಲಾ ದಾಡಿ? ಬರ್ಲಿ ಅವ್ನು!" ಎಂದು ಅಜ್ಜಿ ಎದ್ದೇ ಕೂತಳು. ಬೈಯುವುದಕ್ಕೂ ತ್ರಾಣ ಬೇಕಲ್ಲ, ಅಂಬಲಿ ತರಿಸಿ ಕುಡಿದಳು.

ಮರುದಿನ ಸಂಜೆ ಬಸ್ಸಿಳಿದ ಹಿರಿಮಗ ದಾರಿಯುದ್ದಕ್ಕೂ ಅಳುತ್ತ ಹೋದ. ನಾನೂ ಹಿಂದೆಯೇ ಹೋದೆ. ಅವನು ಯಾರನ್ನೂ ಏನೂ ಕೇಳದೆ ಗಿಂಡಿಯಲ್ಲಿ ನೀರು ತುಂಬಿಕೊಂಡು ಒಳಗೆ ನುಗ್ಗಿದ. ಅಜ್ಜಿ ಅಡುಗೆಮನೆಯಲ್ಲಿ ಕೂತು ಮುದ್ದೆಯ ಕೊನೆಯ ತುತ್ತು ನುಂಗುತ್ತಿದ್ದಳು. ಅವನು ಗಿಂಡಿಯನ್ನು ಮುಂದೆ ಚಾಚಿದ.

"ಅವ್ವಾ... ನೀರು..."

ಅಜ್ಜಿ ತಲೆಯೆತ್ತಿ ನೋಡಿದಳು.

"ಅಲ್ಲಿಡ್ಲಾ. ಉಂಡಾಯ್ತು, ಕೈ ತೊಳ್ಕತೀನಿ."