ಎತ್ತಿನ ಹಲ್ಲು, ಮೊಮ್ಮಗಳ ಓದು

ನಮ್ಮ ತಾಲೂಕಿನಾಗ ನಡಿಯೋ ವಿಚಿತ್ರ ಪ್ರಸಂಗಗಳಾಗ ಅರ್ಧ ನಮ್ಮ ಮನಿ ಕಟ್ಟಿ ಮ್ಯಾಲ ನಡೀತಾವು. ಉಳಿದರ್ಧ ನಾ ಎಲ್ಲಿ ಹೋಗಿರ್ತೇನೋ ಅಲ್ಲಿ. ನಾ ಎತ್ತಿನ ದಲಾಲಿ ಮಾಡಿದಾಂವ. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ, ಈ ನಾಕೂ ಕಡೆ ವಯಸ್ಸ ತಿಳಿಯಾಕ ನಾ ಬಾಯಿ ತೆರೆಸಿ ಹಲ್ಲ ನೋಡದ ಎತ್ತಿಲ್ಲ. ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಅಂಥಾ ನಾ ಮೂರನೇತ್ತಾ ಓದೋ ಮೊಮ್ಮಗಳಿಗೆ ಗುರು ಆದೆ. ನಾ ಹೇಳಿದ್ದನ್ನ ಸೊಸಿ ಬರಕೊಂಡಾಳ. ಅಕಿ ಕಡಿಮಿ ಮಾಡಿದ್ದನ್ನ ನಾ ಮತ್ತ ಸೇರಿಸೇನಿ.

೧. ಬಂಡಿ ಉದ್ದದ ಮೀನು

ಕಥಿ ಪುಸ್ತಕ ಕೊಟ್ರ ನಮ್ಮ ಹುಡುಗಿ ಧಾರವಾಡದ ಬಸ್ಸಿನಂಗ ಓಡತಾಳ. ಮಾಹಿತಿ ಪುಸ್ತಕ ಕೊಟ್ರ ಬಾಯಿ ಬಂದ್. ಸಾಲಿ ಅಕ್ಕೋರು ಹೇಳಿ ಕಳಿಸಿದ್ರು: "ಶನಿವಾರ ಎಲ್ಲಾರ ಮುಂದ ಮಾಹಿತಿ ಪುಸ್ತಕದ ಒಂದು ಪುಟ ಓದಿ, ತಿಳಿಸಿ ಹೇಳಬೇಕು. ಇಲ್ಲಂದ್ರ ಓದಿನ ತಾಸಿಗೆ ಎರಡನೇತ್ತಾ ಮಕ್ಕಳ ಜೋಡಿ ಕುಂದ್ರಬೇಕಾಗತೈತಿ."

ಹುಡುಗಿ ಊಟಾ ಬಿಟ್ಲು. ಯಾಕಂದ್ರ ಎರಡನೇತ್ತಾದಾಗ ಅಕಿ ಖಾಸ ತಮ್ಮ ಅದಾನ.

"ಓದವಾ, ನಾ ಕೇಳತೇನಿ" ಅಂದೆ. ಮೀನಿನ ಪುಟ ತೆಗದು ಒಂದ ಸಾಲಿಗೇ ಆಕಳಿಸಿದ್ಲು. ನಾನರ ಸುಮ್ನ ಕುಂದ್ರೋ ಮನಷ್ಯಾನ?

"ಮನೋಳಿ ಹೊಳ್ಯಾಗ ನಾ ಹಿಡದ ಮೀನು ಬಂಡಿಗಿಂತ ಉದ್ದ ಇತ್ತು. ರೆಪ್ಪಿ ಬಡದು ನನಗ ಕಣ್ಣ ಹೊಡೀತು."

"ಸುಳ್ಳ! ಮೀನಿಗೆ ರೆಪ್ಪಿ ಇರಂಗಿಲ್ಲ ಅಜ್ಜಾ, ಇಲ್ಲೇ ಬರದಾರ ನೋಡು!"

"ನನಗೇನ ಕಾಣತೈತಿ? ಜೋರಾಗಿ ಓದು."

ಸಿಟ್ಟಿಲೆ ಇಡೀ ಪುಟ ಓದಿದ್ಲು. ಓದಿ ಮುಗಿಯೂದ್ರಾಗ ನನ್ನ ಮೀನು ಗೇಣುದ್ದ ಆಗಿತ್ತು, ನನ್ನ ಮರ್ಯಾದಿ ಬೆರಳುದ್ದ.

೨. ಓದು ಬಾರದ ಎರೆಹುಳ

ಮರುದಿನ ಬಾಜೂ ಮನಿ ಟೆಂಪೋ ಚಾಚಾ ಚಾ ಕುಡಿಯಾಕ ಬಂದಿದ್ದ. ನಾ ಅಂದೆ, "ಎರೆಹುಳ ಕಡದ್ರ ಎರಡಾಗತಾವು. ಸಂಗೊಳ್ಳಿ ಹೊಲದಾಗ ನಾ ಒಂದರಾಗ ಹನ್ನೊಂದ ಮಾಡೇನಿ."

ಚಾಚಾ ಕೈ ಮುಗದ. "ಅಜ್ಜಾರ, ಬಸ್ ಮಾಡ್ರಿ! ಹನ್ನೊಂದರಾಗ ಎರಡಾರ ಇಳಸ್ರಿ."

ಹುಡುಗಿ ಪುಸ್ತಕ ತಗೊಂಡು ಓಡಿ ಬಂದ್ಲು. ಮೊದಲೆಲ್ಲ ಒಂದೊಂದ ಹಾಳಿ ತಿರುವತಿದ್ಲು, ಅವತ್ತ ಸೀದಾ ಪರಿವಿಡಿ ತೆಗದು, ಬೆರಳ ಇಳಿಸಿ, ಪುಟ ಹಿಡದ್ಲು: "ಎರೆಹುಳವನ್ನು ಕತ್ತರಿಸಿದರೆ ಎರಡು ಹುಳಗಳಾಗುವುದಿಲ್ಲ."

ಚಾಚಾ ಚಪ್ಪಾಳಿ ಹೊಡದ. "ಈಗೇನಂತೀರಿ?"

"ನಮ್ಮ ಹೊಲದ ಹುಳಕ್ಕ ಓದಾಕ ಬರಂಗಿಲ್ಲೋ. ಅದಕ್ಕ ಇದು ಗೊತ್ತಿಲ್ಲ" ಅಂದೆ.

ಅವತ್ತಿನಿಂದ ನಾ ದಿನಾ ಸುಳ್ಳ ಹೇಳಿದೆ, ಬರೇ ಅಕಿ ಓದಲಿ ಅಂತ. ಅದಕ್ಕೂ ಮೊದಲೂ ದಿನಾ ಹೇಳತಿದ್ದಿ ಅಂತ ನಮ್ಮ ಮುದುಕಿ ಅಂತಾಳ. ಆ ಮಾತು ಬರೀಬ್ಯಾಡ ಅಂತ ಸೊಸಿಗೆ ಹೇಳೇನಿ.

೩. ಸಾಹೇಬ್ರ ಚಸ್ಮಾ

ಶನಿವಾರ ಸಾಲಿ ತುಂಬ ಮಂದಿ. ಸಾಲಿ ತಪಾಸಣಿಗೆ ಹೊರಗಿಂದ ಒಬ್ಬ ಸಾಹೇಬ್ರೂ ಬಂದಿದ್ರು. ನಮ್ಮ ಹುಡುಗಿಗೆ ಬಂದಿದ್ದು ದನಕರುಗಳ ಪುಸ್ತಕ. ಒಂದೂ ಕಡೆ ಎಡವದ ಓದಿದ್ಲು: "ದನಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ." ಓದಿದಾಕಿ ತಟ್ಟನ ನಿಂತ್ಲು.

"ಸರ್, ಚಿತ್ರ ತಪ್ಪೈತ್ರಿ" ಅಂದ್ಲು. ಚಿತ್ರದಾಗಿನ ಆಕಳು ಮ್ಯಾಲಿನ ಹಲ್ಲ ಸಾಲಾಗಿ ಬಿಟಗೊಂಡು ನಗತಿತ್ತು!

ಸಾಹೇಬ್ರು ನಕ್ರು. "ಅಚ್ಚಾದ ಪುಸ್ತಕ ತಪ್ಪಾಗತೈತೇನವಾ? ನಿನಗ ಓದಿದ್ದು ತಿಳದಿಲ್ಲ."

ಹುಡುಗಿ ಕಣ್ಣ ತುಂಬಿದ್ವು. ಅಕಿ ಎರಡನೇತ್ತಾದ ಸಾಲಿನ ಕಡೆ ನೋಡಿದ್ಲು. ತಮ್ಮ ಆಗಲೇ ಅಕಿಗೆ ಜಾಗಾ ಬಿಟ್ಟು ಸರಿಯಾಕ ಹತ್ತಿದ್ದ.

ನಾ ಎದ್ದು ನಿಂತೆ. "ಸಾಹೇಬ್ರ, ಗೇಟಿನಾಗ ನಮ್ಮ ಬಂಡಿ ನಿಂತೈತಿ. ಎತ್ತನ್ನ ಕೇಳೂಣು ಬರ್ರಿ."

ಇಡೀ ಸಾಲಿ ಹೊರಗ ಬಂತು. ನಾ ಎತ್ತಿನ ಮೂಗದಾಣ ಹಿಡದು ಮ್ಯಾಲಿನ ತುಟಿ ಎತ್ತಿದೆ. ಹುಡುಗಿ ಆ ಸಾಲು ಮತ್ತೊಮ್ಮೆ ಓದಿ, ಎತ್ತಿನ ದವಡಿಗೆ ಬೆರಳು ತೋರಿಸಿದ್ಲು. ಸಾಹೇಬ್ರು ಬಗ್ಗಿ ಮಾರಿ ಹತ್ರ ತಂದ್ರು. ಎತ್ತು ಗದ್ದದಿಂದ ಹಣಿ ತನಕ ಒಂದ ಸಲಾ ನೆಕ್ಕಿತು. ಚಸ್ಮಾ ಹುಲ್ಲಿನಾಗ ಬಿತ್ತು.

"ಇಲ್ಲ! ಮ್ಯಾಲ ಮುಂದ ಒಂದೂ ಹಲ್ಲಿಲ್ಲ!" ಅಂತ ಸಾಹೇಬ್ರು ಚಸ್ಮಾ ಇಲ್ಲದೇನ ಒದರಿದ್ರು. ಚಪ್ಪಾಳಿ ಅಂದ್ರ, ಸವದತ್ತಿ ಗುಡ್ಡದ ತನಕ ಕೇಳಿರಬೇಕು.

ಅಕ್ಕೋರು ಅಲ್ಲೇ ಹೇಳಿದ್ರು: "ಇಕಿ ಇನ್ನ ನಾಕನೇತ್ತಾದವರ ಜೋಡಿ ಓದತಾಳ." ಮ್ಯಾಲ ಒಂದು ಪೆನ್ನು ಕೊಟ್ಟು, ಸಾಲ್ಯಾಗಿನ ಆ ಪುಸ್ತಕದ ಪ್ರತಿಯೊಂದು ಪ್ರತಿಯಾಗೂ ಆಕಳ ಮ್ಯಾಲಿನ ಹಲ್ಲ ಅಳಿಸಾಕ ಹಚ್ಚಿದ್ರು. ಹುಡುಗಿ ಎಲ್ಲಾ ಹಲ್ಲ ಕಪ್ಪ ಮಾಡಿದ್ಲು.

ಈಗ ನಾ ಓಣ್ಯಾಗ ನಕ್ರ ಸಾಲಿ ಹುಡುಗರು ಪುಸ್ತಕದಾಗಿನ ಆ ಆಕಳ ಚಿತ್ರ ತೆಗದು ನನ್ನ ಮಾರಿ ಪಕ್ಕಕ್ಕ ಹಿಡದು ನೋಡತಾರ, ಯಾಕಂದ್ರ ನನ್ನ ಮ್ಯಾಲಿನ ಮುಂದಿನ ಹಲ್ಲೂ ಒಂದೂ ಉಳದಿಲ್ಲ. ನೋಡ್ಲಿ ಬಿಡ್ರಿ. ಒಂದಿನಾನೂ ಸಾಲಿಗೆ ಹೋಗದಾಂವನ ಫೋಟೋ ಹಿಂಗ ಪಾಠದಾಗ ಬಂದಿದ್ದು ಯಾರದೈತಿ ಹೇಳ್ರಿ?